ಸಣ್ಣ ದಣಿ ಹಾಸು ಕತ್ತರಿಸಿದ ದಿನ

ಹೋದ ವಾರ ಬೈಲಹೊಂಗಲದ ನಮ್ಮ ಮನೆಗೆ ಬಡಿಗೇರ ಬಂದಿದ್ದ. ಮುಂಬಾಗಿಲು ಬದಲಿಸಬೇಕೆಂದು ಅಳಿಯನಿಗೆ ಬಹಳ ದಿನಗಳಿಂದ ಇತ್ತು. ಅಂಗಳದ ತುಂಬ ಸಾಗವಾನಿ ಹಲಗೆಗಳು. ಅವು ಹೊಸ ಮರದವಲ್ಲ; ಎಲ್ಲೋ ಬಿದ್ದ ಮನೆಯೊಂದರ ತೊಲೆಗಳನ್ನು ಕೊಯ್ಸಿ ತಂದಿದ್ದ. ಬಡಿಗೇರ ಉಜ್ಜುಗೊರಡು ಎಳೆದಂತೆಲ್ಲ ಸುರುಳಿ ಸುರುಳಿ ಸಿಪ್ಪೆ ಉದುರಿ, ಮರದ ಒಳಗೆ ವರ್ಷಗಟ್ಟಲೆ ಕುಳಿತಿದ್ದ ಹೊಗೆ, ಎಣ್ಣೆ, ಧೂಳಿನ ವಾಸನೆಯೆಲ್ಲ ಬಿಚ್ಚಿಕೊಂಡು ಪಡಸಾಲೆಗೆ ನುಗ್ಗಿತು. ಜೋಳ ಹಸನು ಮಾಡುತ್ತಾ ಕೂತಿದ್ದವಳು ಮೊರ ಕೆಳಗಿಟ್ಟು ಹಿತ್ತಲಿಗೆ ಎದ್ದು ಹೋದೆ. ಮಗಳು ಹಿಂದೆಯೇ ಬಂದಳು.

"ಯಾಕವ್ವಾ, ತಲಿ ನೋಯಾಕ ಹತ್ತೈತೇನು?"

ಹೌದೆಂದೆ. ಆ ವಾಸನೆಯನ್ನು ಇದಕ್ಕೂ ಮುಂಚೆ ನಾನು ಒಮ್ಮೆ ಮೂಸಿದ್ದೆ. ಆಗ ಈ ನನ್ನ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಮತ್ತು ಆ ವಾಸನೆ ಬಂದಾಗ ಅದರ ಹಿಂದೆಯೇ ಒಬ್ಬ ಮನುಷ್ಯ ಬಂದು ನಿಲ್ಲುತ್ತಾರೆ. ಒಳಗೆ ಬರುವುದಿಲ್ಲ. ಹೊಸ್ತಿಲಾಚೆ ನಿಂತು, ಬರಲೋ ಬೇಡವೋ ಎಂದು ನೋಡುವವರ ಹಾಗೆ ನಿಲ್ಲುತ್ತಾರೆ.

ಅವರು ನಾನು ಮದುವೆಯಾಗಿ ಹೋದ ಊರಿನ ದೇಸಾಯರು. ರಾಮದುರ್ಗದಿಂದ ಸುರೇಬಾನದ ಕಡೆಗೆ ಹೋಗುವ ಹಾದಿ ಬಿಟ್ಟು ಒಳಗೆ ತಿರುಗಿದರೆ ಸಿಗುತ್ತಿದ್ದ ಸಣ್ಣ ಊರು ಅದು. ಮೇಲೆ ಯಾವ ಸರಕಾರವಿತ್ತೋ, ಯಾರ ಹುಕುಮು ನಡೆಯುತ್ತಿತ್ತೋ, ಊರವರು ಕೇಳುತ್ತಿರಲಿಲ್ಲ. ನಮಗೆ ಸರಕಾರವೆಂದರೆ ದೇಸಾಯರ ವಾಡೆ. ತಂದೆಯನ್ನು ದೊಡ್ಡ ದಣಿ ಅನ್ನುತ್ತಿದ್ದರು, ನಾನು ಹೇಳುತ್ತಿರುವ ಈ ಮಗನನ್ನು ಸಣ್ಣ ದಣಿ. ನಾನು ಸೊಸೆಯಾಗಿ ಬರುವ ಹೊತ್ತಿಗೆ ದೊಡ್ಡ ದಣಿ ತೀರಿಹೋಗಿ ಎರಡು ಮಳೆಗಾಲ ಕಳೆದಿತ್ತು. ಆದರೂ ಅವರ ಹೆಸರು ಬಂದರೆ ಊರಲ್ಲಿ ಮಾತು ತಗ್ಗುತ್ತಿತ್ತು.

ಅವರು ಹೇಗಿದ್ದರು ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ಮಾವನ ಬೆನ್ನು ನೋಡಿದರೆ ಸಾಕಿತ್ತು. ಮಾವ ನೇಕಾರರು. ಒಂದು ಬೇಸಿಗೆಯಲ್ಲಿ ವಾಡೆಯ ಬೇಟೆನಾಯಿಯೊಂದು ನಮ್ಮ ಅಂಗಳಕ್ಕೆ ಬಂದು ನೂಲಿನ ಲಡಿಗಳನ್ನು ಎಳೆದಾಡಿತಂತೆ. ಮಾವ ಕಲ್ಲೆಸೆದರಂತೆ. ಅಷ್ಟಕ್ಕೆ ಅವರನ್ನು ವಾಡೆಯ ಮುಂದೆ ಬಿಸಿಲಲ್ಲಿ ಬಗ್ಗಿಸಿ, ಬೆನ್ನ ಮೇಲೆ ಗುಂಡುಗಲ್ಲು ಹೇರಿ, ಹೊತ್ತು ಇಳಿಯುವವರೆಗೆ ನಿಲ್ಲಿಸಿದ್ದರು. ಕಲ್ಲು ಜಾರಿದಾಗೊಮ್ಮೆ ಬಾರಕೋಲಿನ ಪೆಟ್ಟು. ಆಮೇಲೆ ಮಾವನ ಬೆನ್ನು ಸೆಟೆಯಲೇ ಇಲ್ಲ. ಮಗ್ಗದ ಕುಣಿಯಲ್ಲಿ, ಕಾಲು ಇಳಿಬಿಡುವ ಆ ತಗ್ಗಿನಲ್ಲಿ, ಕೂತಾಗ ಮಾತ್ರ ಅವರು ಎಲ್ಲರ ಹಾಗೆ ಕಾಣುತ್ತಿದ್ದರು. ಎದ್ದರೆ ನೆಲ ನೋಡುತ್ತಾ ನಡೆಯುವ ಮುದುಕ.

ಸಣ್ಣ ದಣಿ ಬೆಳಗಾವಿಯಲ್ಲಿ ಓದಿದವರು. ಹೆಂಡತಿ ಮೊದಲ ಹೆರಿಗೆಯಲ್ಲೇ ಹೋಗಿದ್ದರು, ಮತ್ತೆ ಮದುವೆಯಾಗಲಿಲ್ಲ. ವಾಡೆಯಲ್ಲಿ ಅವರೂ ಅವರ ತಾಯಿಯೂ ಇಬ್ಬರೇ. ತಂದೆಯ ದಿನಕರ್ಮ ಮುಗಿಸಿದ ಮರುದಿನ ಅವರು ಮಾಡಿದ ಮೊದಲ ಕೆಲಸವನ್ನು ಊರು ಮರೆತಿರಲಿಲ್ಲ. ಆ ಗುಂಡುಗಲ್ಲನ್ನು ಬಂಡಿಯಲ್ಲಿ ಹಾಕಿಸಿ ಹೊಳೆಯ ಮಡುವಿಗೆ ತಳ್ಳಿಸಿದರಂತೆ. ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬಂದು, ಮಾವನ ಎರಡೂ ಕೈ ಹಿಡಿದುಕೊಂಡು ಕೂತಿದ್ದರಂತೆ. ಅತ್ತೆ ಈ ಕತೆಯನ್ನು ಹೇಳುವಾಗ ಪ್ರತಿ ಸಲವೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾನು ಬಂದ ಮೇಲೂ ಸಣ್ಣ ದಣಿ ನಮ್ಮ ಮನೆಗೆ ಆಗಾಗ ಬರುತ್ತಿದ್ದರು. ಹೊರಗಿನ ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ನನ್ನ ಗಂಡ ನೇಯುವುದನ್ನು ನೋಡುತ್ತಿದ್ದರು. ಬಿಳುಪು ಬಣ್ಣದ, ತೆಳ್ಳಗಿನ ಮನುಷ್ಯ. ಮಾತಾಡುವಾಗ ಎದುರಿನವರ ಮುಖ ಹುಡುಕುವ ಅಭ್ಯಾಸ. ಯಾರಾದರೂ ಮೋರೆ ಸಣ್ಣದು ಮಾಡಿದರೆ ತಾವೇ ಏನೋ ತಪ್ಪು ಮಾಡಿದೆವೆಂಬಂತೆ ಒದ್ದಾಡುತ್ತಿದ್ದರು. ಅವರು ಬೀದಿಯಲ್ಲಿ ಬಂದರೆ ಮುದುಕಿಯರು ಕೂಗಿ ಕರೆದು ರೊಟ್ಟಿ ಚಟ್ನಿ ಕೊಡುತ್ತಿದ್ದರು. ಮಕ್ಕಳು ಅವರ ಧೋತರದ ಚುಂಗು ಹಿಡಿಯುತ್ತಿದ್ದವು.

ಒಂದು ದಿನ ಅವರು ಗಂಡನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ನಮ್ಮಪ್ಪಗ ನೀವೆಲ್ಲಾ ಅಂಜತಿದ್ರಿ. ನನಗ ಯಾರೂ ಅಂಜಬಾರದು ನೋಡಪಾ. ನನ್ನ ಮಾತು ಪ್ರೀತೀಲೇ ನಡೀಬೇಕು."

ನನ್ನ ಗಂಡನಿಗೆ ಚೇಷ್ಟೆಯ ಬಾಯಿ. ಲಾಳಿ ಎಸೆಯುತ್ತಲೇ ಅಂದರು: "ಅಂಜಿಕಿ ಇಲ್ಲಂದ್ರ ನಾವು ಮಾತು ಕೇಳೂ ಮಂದಿ ಅಲ್ರೀ ದಣ್ಯಾರ. ನಮ್ಮವ್ವನ ಮಾತು ನಾ ಎಷ್ಟು ಕೇಳ್ತೇನಿ ಕೇಳ್ರಿ ಬೇಕಾದ್ರ."

ದಣಿ ಕಟ್ಟೆಯ ಮೇಲೆ ಹಿಂದಕ್ಕೆ ಬಾಗಿ ನಕ್ಕರು. ಅತ್ತೆ ಒಳಗಿನಿಂದ ಮಗನನ್ನು ಬೈದರು. ಎಲ್ಲರೂ ನಕ್ಕೆವು. ಆ ನಗು ನನಗೆ ಎಷ್ಟು ಸ್ಪಷ್ಟವಾಗಿ ನೆನಪಿದೆ ಎಂದರೆ, ಅದರಲ್ಲಿ ಯಾರ ದನಿ ಎಲ್ಲಿತ್ತು ಎಂಬುದನ್ನೂ ಹೇಳಬಲ್ಲೆ...

ಮುಂದಿನ ಹಿಂಗಾರಿಯಲ್ಲಿ ಬೇನೆ ಬಂತು. ಅದಕ್ಕೂ ಮುಂಚೆ ಧಾರವಾಡದ ಕಡೆ, ಸವದತ್ತಿಯ ಕಡೆ ಪ್ಲೇಗಿನ ಸುದ್ದಿ ಕೇಳುತ್ತಿದ್ದೆವು. ಸವದತ್ತಿ ನನ್ನ ತವರು. ತಂದೆ ಅಲ್ಲಿ ಸಾಲಿ ಮಾಸ್ತರರು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೇವೆಂದು ಅವರು ಹೇಳಿಕಳಿಸಿದ್ದರು. ನಮ್ಮೂರಲ್ಲಿ ಮೊದಲು ಗಾಣಿಗರ ಓಣಿಯಲ್ಲಿ ಇಲಿ ಸತ್ತು ಬಿದ್ದವು. ತೊಲೆಯಿಂದ ಕೆಳಗೆ, ಹಗಲಲ್ಲೇ, ಅಮಲೇರಿದವರ ಹಾಗೆ ತಿರುಗಾಡಿ ಬಿದ್ದು ಸತ್ತವು. ಅದಾದ ಮೇಲೆ ಗಾಣಿಗರ ಮನೆಯ ಹೆಣ್ಣುಮಗಳೊಬ್ಬಳಿಗೆ ಜ್ವರ ಬಂದು ಕಂಕುಳಲ್ಲಿ ಗಂಟು ಎದ್ದಿತು.

ಸಣ್ಣ ದಣಿ ಆವತ್ತೇ ಡಂಗುರ ಹೊಡೆಸಿದರು. ಊರೆಲ್ಲ ಮರಡಿ ಗುಡ್ಡದಾಚೆಯ ಹೊಲಗಳಿಗೆ ಹೋಗಬೇಕು. ಗುಡಿಸಲಿಗೆ ಜೋಳದ ಕಣಿಕೆ, ಗಳ, ತಟ್ಟಿ ಎಲ್ಲ ವಾಡೆಯಿಂದ ಕೊಡುತ್ತೇವೆ. ಮರುದಿನ ಮುಂಜಾನೆ ಊರವರು ವಾಡೆಯ ಮುಂದೆ ಸೇರಿದರು. ಜಗಳಕ್ಕಲ್ಲ, ಬೇಡಿಕೊಳ್ಳಲು. ಒಬ್ಬರದು ಹಗೇವಿನ ತುಂಬ ಜೋಳ, ಬಿಟ್ಟು ಹೋದರೆ ಕಳ್ಳರ ಪಾಲು. ಇನ್ನೊಬ್ಬರ ಸೊಸೆಗೆ ದಿನ ತುಂಬಿದ್ದವು, ಚಳಿಯಲ್ಲಿ ಬಯಲಲ್ಲಿ ಹೆರುವುದು ಹೇಗೆ. ನನ್ನ ಗಂಡ ಮುಂದೆ ಹೋಗಿ ಕೈಮುಗಿದರು. ನಾನು ಹೆಂಗಸರ ಗುಂಪಿನಲ್ಲಿ, ಎದೆಗೆ ಮಗು ಕಟ್ಟಿಕೊಂಡು ನಿಂತಿದ್ದೆ.

"ದಣ್ಯಾರ, ಮಗ್ಗ ಕಿತ್ಗೊಂಡು ಹೋಗಾಕ ಬರೂದಿಲ್ರಿ. ಕುಣಿ ನೆಲದಾಗ ಐತಿ. ಹಾಸಿನ ಎಳಿ ಹೂಡೇನಿ, ಸೆರಗಷ್ಟ ಬಾಕಿ. ಇದೊಂದು ಸೀರಿ ಇಳಿಸಿ ಬರತೇನ್ರಿ. ನಿಮ್ಮ ಪಾದಾ ಮುಟ್ಟಿ ಹೇಳತೇನಿ."

ಮುಟ್ಟಿಯೂ ಬಿಟ್ಟರು. ದಣಿ ಗಾಬರಿಯಿಂದ ಹಿಂದೆ ಸರಿದು ಅವರನ್ನು ಎಬ್ಬಿಸಿದರು. ಜನರ ಮುಖಗಳನ್ನು ಒಂದೊಂದಾಗಿ ನೋಡಿದರು. ಯಾರೋ ಮುದುಕಿ ಅಳುತ್ತಿದ್ದಳು. ಮೇಲೆ, ವಾಡೆಯ ಕಿಟಕಿಯಲ್ಲಿ ಅವರ ತಾಯಿ ನಿಂತಿದ್ದರು. ದಣಿ ತಾಯಿಯ ಕಡೆ ಒಮ್ಮೆ ಕಣ್ಣೆತ್ತಿದರು. ಆಮೇಲೆ ಅಂದರು: "ಆತು. ನಿಮ್ಮ ನಿಮ್ಮ ಕೆಲಸಾ ಮುಗಿಸಿಕೊಂಡು ಲಗೂನ ಹೊರಡ್ರಿ. ನಾ ಜುಲುಮಿ ಮಾಡೂದಿಲ್ಲ."

ಜನ ಜಯಕಾರ ಹಾಕಿದರು. ನನ್ನ ಗಂಡ ಮನೆಗೆ ಬರುವ ದಾರಿಯಲ್ಲಿ ಮಗುವನ್ನು ನನ್ನಿಂದ ತೆಗೆದುಕೊಂಡು ಭುಜಕ್ಕೆ ಒರಗಿಸಿಕೊಂಡರು. "ಇಂಥಾ ದಣಿ ಎಲ್ಲಿ ಸಿಗತಾನ" ಅಂದರು.

ಅವರು ಆ ಸೀರೆ ಮುಗಿಸಲಿಲ್ಲ. ಸೆರಗಿನ ಕೆಂಪು ಶುರುವಾಗಿತ್ತು. ಒಂದು ಮಧ್ಯಾಹ್ನ ಲಾಳಿಯ ಸದ್ದು ತಪ್ಪಿತು. ನೇಕಾರರ ಮನೆಯಲ್ಲಿ ಆ ಸದ್ದು ತಪ್ಪಿದರೆ ಎಲ್ಲರೂ ತಲೆ ಎತ್ತುತ್ತಾರೆ. ಹೋಗಿ ನೋಡಿದರೆ ಕುಣಿಯಲ್ಲೇ ಹಣೆ ಊರಿ ಕೂತಿದ್ದರು; ಮೈ ಕಾದ ಹಂಚು. ತೊಡೆಯ ಸಂದಿಯಲ್ಲಿ ಗಂಟು. ಮಗುವನ್ನು ಹತ್ತಿರ ತರಬೇಡ ಎಂದು ಕೈ ಬೀಸಿದ್ದೇ ಅವರು ನನಗೆ ಕೊಟ್ಟ ಕೊನೆಯ ತಿಳಿವಳಿಕೆಯ ಮಾತು. ಆಮೇಲೆ ಬರೀ ಬಡಬಡಿಕೆ. ಇನ್ನೂ ನೇಯುತ್ತಿದ್ದೇನೆಂದು ತಿಳಿದು ಕಾಲು ಆಡಿಸುತ್ತಿದ್ದರು...

ಗಂಡನ ಮಣ್ಣಿಗೆ, ಹೂಳುವ ಹೊತ್ತಿಗೆ, ಸಣ್ಣ ದಣಿ ಬಂದಿದ್ದರು. ಬರಬಾರದೆಂದು ಎಲ್ಲರೂ ಹೇಳಿದರೂ ಬಂದರು. ಮಾವನ ಕಾಲ ಹತ್ತಿರ ಕೂತು, "ಈಗಾದ್ರೂ ಹೊರಡ್ರಿ, ನಿಮ್ಮ ಕೈ ಮುಗೀತೇನಿ" ಅಂದರು. ಮಾವ ತಲೆ ಆಡಿಸಿದರು. ಹೊರಡಲಿಲ್ಲ. ದಣಿ ಅಲ್ಲಿಂದ ಮನೆ ಮನೆಗೆ ಹೋದರು. ಎಲ್ಲ ಹೊಸ್ತಿಲಲ್ಲೂ ಅದೇ ಮಾತು, ಅದೇ ಕೈಮುಗಿಯುವುದು. ಜನ ಅವರ ಜೊತೆ ಅತ್ತರು, ನೀರು ಕೊಟ್ಟರು, ಹೂಂ ಅಂದರು. ಕೆಲವರು ಹೋದರು. ಬಹಳ ಮಂದಿ ಹೋಗಲಿಲ್ಲ. ನಮ್ಮ ದಣಿ ನಮ್ಮನ್ನು ಏನೂ ಮಾಡುವುದಿಲ್ಲ ಎಂಬ ಧೈರ್ಯವಿತ್ತು. ಊರಲ್ಲಿ ದಿನಾ ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದು ಕೇಳತೊಡಗಿತು. ಕೊನೆಕೊನೆಗೆ ಅದೂ ನಿಂತಿತು. ಬಾರಿಸುವವರ ಮನೆಯಲ್ಲೇ ಸಾವಾಗಿತ್ತು.

ಮಾವ ಮಗನ ಮಗ್ಗದ ಕುಣಿಯೊಳಗೆ ಇಳಿದು ಕೂತುಬಿಟ್ಟಿದ್ದರು. ನೇಯುತ್ತಿರಲಿಲ್ಲ. ಅರ್ಧಕ್ಕೆ ನಿಂತ ಸೆರಗಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತಿದ್ದರು. ಉಂಡರೆ ಅಲ್ಲೇ, ಒರಗಿದರೆ ಅಲ್ಲೇ. ಅವರನ್ನು ಬಿಟ್ಟು ಅತ್ತೆ ಹೊರಡುವಂತಿರಲಿಲ್ಲ. ಅತ್ತೆಯನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ. ನಮ್ಮ ಓಣಿಯಲ್ಲಿ ಉಳಿದವರೂ ಮಾವನ ಕಡೆಗೇ ನೋಡುತ್ತಿದ್ದರು. ಹಿರಿಯ ಕದಲದಿದ್ದರೆ ನಾವ್ಯಾಕೆ ಕದಲಬೇಕು ಎಂಬಂತೆ.

ಆ ದಿನ ಬಿಸಿಲು ಏರುವ ಹೊತ್ತಿಗೆ ಬೀದಿಯಲ್ಲಿ ಕುದುರೆಯ ಸಪ್ಪಳ ಕೇಳಿತು. ಸಣ್ಣ ದಣಿ ನಡೆದು ಬರುವವರು, ಓಣಿಯೊಳಗೆ ಕುದುರೆ ತರುವವರಲ್ಲ. ಅತ್ತೆ ಇಣುಕಿ ನೋಡಿ, ಎದೆಗೆ ಕೈ ಇಟ್ಟುಕೊಂಡು ಹಿಂದೆ ಸರಿದರು. "ದೊಡ್ಡ ದಣಿ" ಅಂದರು. ನಾನು ಮಗುವನ್ನು ಎತ್ತಿಕೊಂಡೆ. ಹೊರಗೆ ಬಂದದ್ದು ಸಣ್ಣ ದಣಿಯೇ. ತಂದೆಯ ಕೆಂಪು ರುಮಾಲು ಸುತ್ತಿದ್ದರು, ತಂದೆಯ ಕುದುರೆ, ಕೈಯಲ್ಲಿ ತಂದೆಯ ಬಾರಕೋಲು. ಹಿಂದೆ ವಾಡೆಯ ಆಳುಗಳು, ಸನಿಕೆ, ಹಾರೆ ಹಿಡಿದು.

ಒಳಗೆ ಬಂದರು. ಕುಣಿಯ ಮುಂದೆ ನಿಂತು, "ಏಳು" ಅಂದರು. ಅವರು ಮಾವನನ್ನು ಏಕವಚನದಲ್ಲಿ ಮಾತಾಡಿಸಿದ್ದು ನಾನು ಅದೇ ಮೊದಲು ಕೇಳಿದ್ದು. ಮಾವ ಕತ್ತೆತ್ತಿ ನೋಡಿದರು.

"ನನ್ನ ಮಗನ ಹಾಸೈತ್ರಿ ಇದು. ನಾ ಏಳೂದಿಲ್ಲ."

"ಏಳು ಅಂದೆ."

"ಕೊಲ್ರಿ ಬೇಕಾದ್ರ."

ಬಾರಕೋಲು ಎದ್ದಿತು. ಬಾಗಿದ ಆ ಬೆನ್ನ ಮೇಲೆ ಬಿತ್ತು. ಮತ್ತೆ ಬಿತ್ತು. ಅತ್ತೆ ಕಿರುಚಿಕೊಂಡು ಅಡ್ಡ ಬಂದರು, ಆಳೊಬ್ಬ ಹಿಡಿದುಕೊಂಡ. ಮಾವ ಅಲುಗಲಿಲ್ಲ. ಆಗ ದಣಿ ಬಾರಕೋಲು ಬಿಸಾಕಿ, ನಡುವಿನಿಂದ ಚೂರಿ ತೆಗೆದರು. ಮಗ್ಗದ ಮೇಲೆ ಬಾಗಿ, ಈ ಕಡೆಯಿಂದ ಆ ಕಡೆಗೆ ಒಂದೇ ಸೆಳೆತಕ್ಕೆ ಹಾಸು ಕತ್ತರಿಸಿದರು. ಬಿಗಿಯಾಗಿ ಎಳೆದಿದ್ದ ಎಳೆಗಳೆಲ್ಲ ಒಮ್ಮೆಲೇ ಸಡಿಲಾಗಿ ಕುಣಿಯೊಳಗೆ, ಮಾವನ ತೊಡೆಯ ಮೇಲೆ ಬಿದ್ದವು. ಸದ್ದೇ ಆಗಲಿಲ್ಲ. ಅಷ್ಟು ದೊಡ್ಡದೊಂದು ಸಂಗತಿ ಸದ್ದಿಲ್ಲದೆ ಮುಗಿದುಹೋದದ್ದೇ ನನಗೆ ಇವತ್ತಿಗೂ ಹೆದರಿಕೆ.

ಮಾವ ಎದ್ದರು. ಕತ್ತರಿಸಿದ ಬಟ್ಟೆಯನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಬೀದಿಯಲ್ಲಿ ನಿಂತಿದ್ದವರಿಗೆ ಅಷ್ಟು ಸಾಕಾಯಿತು. ಇವನನ್ನೇ ಹೊಡೆದರೆ ನಮ್ಮನ್ನು ಬಿಡುತ್ತಾರೆಯೇ. ಗಂಟು ಕಟ್ಟಿದರು, ಕೂಸುಗಳನ್ನು ಎತ್ತಿಕೊಂಡರು, ಓಡಿದರು. ನಾವು ಊರ ಅಗಸಿ ದಾಟುವಾಗಲೇ ಹಿಂದೆ ಆಳುಗಳು ಮನೆ ಮನೆಯ ಬಾಗಿಲು ಕೀಳುತ್ತಿದ್ದರು. ಬಾಗಿಲಿಲ್ಲದ ಮನೆಗೆ ಯಾರೂ ಕದ್ದು ಮರಳುವುದಿಲ್ಲವೆಂಬ ಲೆಕ್ಕ. ಮಾಳಿಗೆಗಳ ಮೇಲೆ ಹತ್ತಿ ಮಣ್ಣು ಅಗೆದು, ಬೇನೆ ಸಾಯಲೆಂದು ಬಿಸಿಲು ಒಳಗೆ ಬೀಳುವ ಹಾಗೆ ಮಾಡಿದರು. ಅಜ್ಜ ಮುತ್ತಜ್ಜರ ಕಾಲದ ಬಾಗಿಲುಗಳು. ಅರಿಷಿಣ ಹಚ್ಚಿ, ಹಬ್ಬಕ್ಕೆ ಪೂಜೆ ಮಾಡುತ್ತಿದ್ದೆವು. ಎಲ್ಲವನ್ನೂ ವಾಡೆಯ ಮುಂದೆ ಒಟ್ಟಿ ಬೆಂಕಿ ಹಾಕಿಸಿದರು. ಮರಡಿಯ ಮೇಲಿಂದ ಹೊಗೆ ನೋಡಿದೆವು. ಅತ್ತೆ ಮಣ್ಣು ಹಿಡಿದು ತೂರಿ ಶಾಪ ಹಾಕಿದರು. ಸುತ್ತ ನಿಂತವರು ಬೇಡವೆನ್ನಲಿಲ್ಲ.

ಜನರ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ಬಾಗಿಲು ಸುಟ್ಟವರು ತಮ್ಮ ವಾಡೆಯ ಬಾಗಿಲು ಹಾಕಿಕೊಂಡು ಒಳಗೇ ಉಳಿದರು ಎಂದು ಹೊಲದಲ್ಲಿ ಸುದ್ದಿ ಹಬ್ಬಿತು. ಅದು ನಿಜವೂ ಹೌದು. ಯಾಕೆಂಬುದು ಆಮೇಲೆ ತಿಳಿಯಿತು. ಅವರ ತಾಯಿ ವಾಡೆ ಬಿಟ್ಟು ಬರಲು ಒಪ್ಪಿರಲಿಲ್ಲ. ಗಂಡನ ಮನೆಯಿಂದ ಹೆಣವಾಗಿಯೇ ಹೋಗುತ್ತೇನೆ ಎಂದು ಕೂತಿದ್ದರಂತೆ. ಇಡೀ ಊರನ್ನು ಹೆದರಿಸಿ ಹೊರಗೆ ಅಟ್ಟಿದ ಮಗ, ತಾಯಿಯ ಮುಂದೆ ಬಾರಕೋಲು ಎತ್ತಲಾರದೆ, ಒಬ್ಬರನ್ನೇ ಬಿಟ್ಟು ಬರಲಾರದೆ, ಜೊತೆಗೆ ಉಳಿದುಬಿಟ್ಟಿದ್ದರು. ತಾಯಿ ಅದೇ ಬೇನೆಯಲ್ಲಿ ತೀರಿಹೋದರು. ಆಳುಗಳೂ ಹೊಲದಲ್ಲಿದ್ದರು. ಮಗ ಒಬ್ಬರೇ ವಾಡೆಯ ಹಿತ್ತಲಲ್ಲಿ ಗುಂಡಿ ತೋಡಿದರಂತೆ.

ನಾವು ಚಳಿಯಲ್ಲಿ ನಡುಗಿದೆವು, ಜೋಳದ ತೆನೆ ಸುಟ್ಟು ತಿಂದೆವು. ಹೊಲಕ್ಕೆ ಬಂದ ಮೇಲೆ ಬೇನೆಗೆ ಬಿದ್ದವರು ಒಬ್ಬಿಬ್ಬರು. ಅವರೂ ಜ್ವರ ಹೊತ್ತೇ ಬಂದವರು. ಆಮೇಲೆ ಸಾವು ನಿಂತಿತು. ಅದು ಎಲ್ಲರಿಗೂ ಕಾಣುತ್ತಿತ್ತು. ಯಾರೂ ಆ ಮಾತನ್ನು ಬಾಯಿಗೆ ತರಲಿಲ್ಲ.

ಬಿಸಿಲು ಬಲಿತ ಮೇಲೆ ಊರಿಗೆ ಮರಳಿದೆವು. ಬಾಗಿಲುಗಳಿಲ್ಲದ ಊರನ್ನು ನೀವು ನೋಡಿರಲಾರಿರಿ. ಒಂದು ಮನೆಯ ಹೊಸ್ತಿಲಲ್ಲಿ ನಿಂತರೆ ಎದುರಿನ ಮನೆಯ ದೇವರ ಜಗುಲಿಯವರೆಗೆ ಕಾಣುತ್ತಿತ್ತು. ಗಾಳಿ ಒಂದು ಮನೆಯಿಂದ ಹೊಕ್ಕು ಇನ್ನೊಂದರಿಂದ ಹೊರಬೀಳುತ್ತಿತ್ತು. ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತದೆ ಎಂದು ಕೆಲವರು ಅಂದರು. ನನಗೂ ಕೇಳಿತು. ಹೋಗಿ ನೋಡಿದರೆ ಕುಣಿಯಲ್ಲಿ ಮಾಳಿಗೆಯ ಮಣ್ಣು ಬಿದ್ದಿತ್ತು. ಮಾಳಿಗೆಯ ತೂತಿನಿಂದ ಬಿಸಿಲಿನ ತುಂಡೊಂದು ಅದರ ಮೇಲೆ ಕೂತಿತ್ತು.

ಸಣ್ಣ ದಣಿ ವಾಡೆಯ ಮೇಲಂತಸ್ತನ್ನು ಬಿಚ್ಚಿಸಿದರು. ಸಾಗವಾನಿಯ ತೊಲೆ, ಜಂತಿಗಳನ್ನೆಲ್ಲ ಕೊಯ್ಸಿ ಊರಿನ ಒಂದೊಂದು ಮನೆಗೂ ಬಾಗಿಲು ಮಾಡಿಸಿದರು. ಬಡಿಗೇರರು ವಾಡೆಯ ಮುಂದೆ ಕೂತು ಉಜ್ಜುವಾಗ ಆ ವಾಸನೆ ಊರೆಲ್ಲ ತುಂಬಿಕೊಂಡಿತ್ತು. ಜನ ಬಾಗಿಲುಗಳನ್ನು ಒಯ್ದರು. ಬೇಡವೆನ್ನಲು ಧೈರ್ಯವಿರಲಿಲ್ಲ. ಆದರೆ ಆಮೇಲೆ ಸಣ್ಣ ದಣಿ ಬೀದಿಯಲ್ಲಿ ನಡೆದರೆ ಆ ಹೊಸ ಬಾಗಿಲುಗಳೇ ಒಂದರ ಹಿಂದೊಂದು ಮುಚ್ಚಿಕೊಳ್ಳುತ್ತಿದ್ದವು. ಯಾರೂ ಕರೆದು ರೊಟ್ಟಿ ಕೊಡಲಿಲ್ಲ. ಮಕ್ಕಳನ್ನು ತಾಯಂದಿರು ಒಳಗೆ ಎಳೆದುಕೊಂಡರು. ಎದುರಿಗೆ ಸಿಕ್ಕವರು ಚಪ್ಪಲಿ ಕಳಚಿ, ಬಗ್ಗಿ, ಪಕ್ಕಕ್ಕೆ ಸರಿಯುತ್ತಿದ್ದರು. ಅವರು ಮುಖ ಹುಡುಕಲು ಹೋದರೆ ಬರೀ ರುಮಾಲುಗಳು ಕಾಣುತ್ತಿದ್ದವು.

ನಮ್ಮ ಬಾಗಿಲು ಕೂಡಿಸಿದ ಮೇಲೆ ಒಂದು ಸಂಜೆಯ ಮುಂದೆ ಅವರು ಬಂದರು. ಅತ್ತೆ ಮಾವ ಹೊಲಕ್ಕೆ ಹೋಗಿದ್ದರು. ನಾನು ಹೊಸ್ತಿಲ ಒಳಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ಕಟ್ಟೆ ಖಾಲಿ ಇತ್ತು; ಕೂಡಲಿಲ್ಲ. ಅಂಗಳದಲ್ಲೇ ನಿಂತರು. ಬಹಳ ಇಳಿದುಹೋಗಿದ್ದರು.

"ಮೊದಲನೇ ದಿನಾನ ನಾ ಬಾರಕೋಲ ಹಿಡಿದಿದ್ರ ನಿನ್ನ ಗಂಡ ಉಳೀತಿದ್ದನೇನವಾ?" ಅಂದರು.

ಮಗು ಅವರನ್ನು ನೋಡಿ ನಗುತ್ತಿತ್ತು. ನಾನು ನಿಜ ಹೇಳಿದೆ.

"ಉಳೀತಿದ್ರರಿ. ಇರೂತನಕ ನಿಮ್ಮನ್ನ ಬೈಕೋತ ಉಳೀತಿದ್ರು."

ಅವರು ಖಾಲಿ ಕಟ್ಟೆಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ಬೈಕೋತ ಇದ್ರೂ ಇರಲಿ ಅಂತ ನನಗ ಅವತ್ತ ಅನಿಸಲಿಲ್ಲ ನೋಡು. ನನ್ನ ಮ್ಯಾಲೆ ಯಾರೂ ಸಿಟ್ಟಾಗಬಾರದು ಅಂತ ಅನಿಸ್ತು. ಅದನ್ನ ನಾ ಪ್ರೀತಿ ಅಂತ ತಿಳಿದಿದ್ದೆ."

ಅಷ್ಟು ಹೇಳಿ ತಿರುಗಿದರು. ಮಗುವಿನ ಕಡೆ ಒಮ್ಮೆ ಕೈ ಚಾಚಿದ ಹಾಗೆ ಮಾಡಿ, ಹಿಂದಕ್ಕೆ ತೆಗೆದುಕೊಂಡರು.

ಕೆಲವು ವರ್ಷ ಬಿಟ್ಟು ಬೇನೆ ಮತ್ತೆ ಬಂತು. ಈ ಸಲ ಡಂಗುರ ಹೊಡೆಯಲಿಲ್ಲ. ಇಲಿ ಬಿದ್ದವೆಂಬ ಸುದ್ದಿ ಬಂದ ಮುಂಜಾನೆ ಸಣ್ಣ ದಣಿ ಕುದುರೆ ಹತ್ತಿ ಬೀದಿಗೆ ಬಂದು ನಿಂತರು, ಅಷ್ಟೇ. ಕೈಯಲ್ಲಿ ಏನೂ ಇರಲಿಲ್ಲ. ಅವರು ಬಾಯಿ ತೆರೆಯುವ ಮುಂಚೆ ಮಾವ ಹೊರಗೆ ಬಂದು, ತಾವೇ ಹಾರೆ ಹಾಕಿ ನಮ್ಮ ಬಾಗಿಲನ್ನು ಕಳಚಿದರು. ಅದನ್ನು ಬಾಗಿದ ಬೆನ್ನ ಮೇಲೆ ಹೊತ್ತುಕೊಂಡು, ಕುದುರೆಯ ಮುಂದಿನಿಂದಲೇ ಅಗಸಿಯ ಕಡೆಗೆ ನಡೆದರು. ಓಣಿಯವರೆಲ್ಲ ತಮ್ಮ ತಮ್ಮ ಬಾಗಿಲು ಕಳಚತೊಡಗಿದರು. ಹೊತ್ತು ನೆತ್ತಿಗೆ ಬರುವುದರೊಳಗೆ ಊರು ಖಾಲಿ. ಆ ವರ್ಷ ನಮ್ಮಲ್ಲಿ ಬೇನೆಯಿಂದ ಯಾರೂ ಸಾಯಲಿಲ್ಲ.

ನಾನು ಮಾವನ ಹಿಂದೆ ಇದ್ದೆ. ದಣಿಯ ಮುಖ ಕಂಡಿತು. ಬೆನ್ನ ಮೇಲೆ ಬಾಗಿಲು ಹೊತ್ತ ಆ ಮುದುಕನನ್ನು ನೋಡಲಾರದೆ ಅವರು ಮುಖ ಆ ಕಡೆ ತಿರುಗಿಸಿದರು. ಅವರಿಗೆ ಆ ಬೆನ್ನಿನಲ್ಲಿ ಏನು ಕಂಡಿರಬೇಕೆಂದು ನನಗೆ ಗೊತ್ತಾಯಿತು. ಅಂಜಿಕೆ... ತಂದೆ ಬಿತ್ತಿದ್ದು, ತಾವು ನೀರು ಹಾಕಿದ್ದು. ನಾನೂ ಆವತ್ತು ಹಾಗೇ ತಿಳಿದಿದ್ದೆ. ಊರೆಲ್ಲ ಹಾಗೇ ತಿಳಿದಿತ್ತು.

ಅವರು ಬಹಳ ವರ್ಷ ಬದುಕಲಿಲ್ಲ. ಬೇನೆಯೆಂದು ಹೇಳುವಂಥದ್ದೇನೂ ಇರಲಿಲ್ಲ. ಊಟ ಬಿಟ್ಟಿತು, ಮಾತು ಬಿಟ್ಟಿತು. ಅರ್ಧ ಬಿಚ್ಚಿದ ವಾಡೆಯಲ್ಲಿ, ಮೇಲಂತಸ್ತಿಲ್ಲದ ಮಾಳಿಗೆಯ ಕೆಳಗೆ, ಒಂದು ಮಳೆಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಊರಿನ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಆದರೆ ಯಾರೂ ಅಳಲಿಲ್ಲ. ಮಳೆ ಹಿಡಿದಿತ್ತು. ಜನ ನಿಂತೇ ಇದ್ದರು, ಎಲ್ಲ ಮುಗಿದ ಮೇಲೂ.

ಮನೆಗೆ ಬಂದು ಮಾವ ತಲೆ ಒರೆಸಿಕೊಳ್ಳಲಿಲ್ಲ. ಒಲೆಯ ಮುಂದೆ ಕೂತು, ಯಾರಿಗೆಂದಿಲ್ಲದೆ ಅಂದರು:

"ಅವರಪ್ಪ ಹೊಡಿಯೂ ಮುಂದ ಎಲಿ ಅಡಿಕಿ ತಿನ್ನಾಕ ಹತ್ತಿದ್ದ. ಬಾಜೂಕ ನಿಂತಾವರ ಕೂಡ ಮಾತಾಡಕೋತ ಹೊಡದ. ಇಂವ ಅಳಾಕ ಹತ್ತಿದ್ದ. ಕುಣ್ಯಾಗ ಕುಂತು ನಾ ತಲಿ ಎತ್ತಿ ನೋಡಿದೆ, ಕಣ್ಣೀರು ನನ್ನ ಮ್ಯಾಲೆ ಬಿದ್ದುವು."

ಅತ್ತೆ ಒಲೆಯ ಕಡೆಗೆ ನೋಡುತ್ತಾ ಕೂತರು. ನನಗೆ ತಡೆಯಲಾಗಲಿಲ್ಲ. "ಹಂಗಾದ್ರ ಅವತ್ತ ಬಾಗಿಲಾ ಹೊತ್ತಿದ್ದು ಅಂಜಿಕೀಲೇ ಅಲ್ಲೇನ್ರಿ ಮಾವಾ?"

"ನನಗ ಇನ್ನ ಎಂಥಾ ಅಂಜಿಕಿ? ಅಂವ ಅವತ್ತ ಮಾಡಿದ್ದು ಖರೇ ಇತ್ತು. ಮಂದಿ ಮುಂದ ಅವನ ಮಾತು ಕೆಳಗ ಬೀಳಬಾರದು ಅಂತ ಹೊತ್ತೆ."

"ಅವರಿಗೆ ಹೇಳಬೇಕಿತ್ತಲ್ರಿ..."

"ಯಾಕ ಹೇಳಲಿ?" ಮಾವನ ದನಿ ಒಮ್ಮೆಲೇ ಗಟ್ಟಿಯಾಯಿತು. "ನನ್ನ ಮಗನ ಹಾಸು ಕತ್ತರಿಸ್ಯಾನ."

ಆಮೇಲೆ ಅವರು ಮುಖ ಮುಚ್ಚಿಕೊಂಡರು. ಮಗ ಸತ್ತಾಗಲೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಮುಂದೆ ನಾನು ತವರಿಗೆ ಹೋದೆ, ತಂದೆಯ ಹತ್ತಿರ ಓದು ಕಲಿತೆ, ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು ಆದೆ, ಬೈಲಹೊಂಗಲಕ್ಕೆ ಬಂದೆ. ಈಗ ಸಂಜೆ ಅಳಿಯನ ಗೆಳೆಯರು ಪಡಸಾಲೆಯಲ್ಲಿ ಕೂತು, ರಾಜ್ಯ ನಡೆಸುವವನು ಹೇಗಿರಬೇಕು ಎಂದು ದೊಡ್ಡ ದನಿಯಲ್ಲಿ ವಾದ ಮಾಡುತ್ತಾರೆ. ಕೈ ಬಿಗಿ ಇರಬೇಕೆಂದು ಒಬ್ಬ, ಮನಸ್ಸು ಗೆಲ್ಲಬೇಕೆಂದು ಇನ್ನೊಬ್ಬ. ಜನ ಮನಸಾರೆ ಗೌರವಿಸಿದರೆ ಬೇರೆ ಏನೂ ಬೇಡ ಎಂದು ಮತ್ತೊಬ್ಬ. "ನೀವೇನಂತೀರಿ ಅಕ್ಕೋರ?" ಎಂದು ಒಮ್ಮೆ ನನ್ನನ್ನೂ ಕೇಳಿದರು. ನಾನು ಚಹಾ ಆರುತ್ತದೆ ಕುಡಿಯಿರಿ ಅಂದೆ.

ಪ್ರೀತಿ ಬೇಡಿದ ದಿನ ನನ್ನ ಗಂಡ ಹೋದರು. ಹೆದರಿಸಿದ ದಿನ ನನ್ನ ಮಗಳು ಉಳಿದಳು. ಒಬ್ಬರೇ ಮನುಷ್ಯ, ಅವೇ ಕೈಗಳು. ಮತ್ತು ಗೌರವ ಎಂಬುದು ನಮ್ಮ ಊರಲ್ಲಿ ಇತ್ತು, ನಮ್ಮ ಮನೆಯಲ್ಲೇ ಇತ್ತು. ಅದು ಸಲ್ಲಬೇಕಾದವರಿಗೆ ಸಲ್ಲದೆ ಒಲೆಯ ಮುಂದೆ ಮುರಿದು ಬಿತ್ತು. ಅತ್ತೆ ಮಾವ ಇಬ್ಬರೂ ಹೋಗಿ ಎಷ್ಟೋ ವರ್ಷವಾಯಿತು. ಅವತ್ತು ಮಾವ ಆಡಿದ ಮಾತು ಕೇಳಿದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಆ ಮಾತನ್ನು ಒಯ್ದು ಮುಟ್ಟಿಸೋಣವೆಂದರೆ, ಮುಟ್ಟಬೇಕಾದವರು ಮಣ್ಣಿನಲ್ಲಿದ್ದಾರೆ.